ಹಳೇ ಸಿಬಿಝಡ್ ಮುಂದಿನ ಬ್ರೇಕ್: ಮಾಸ್ಟರ್ ಸಿಲಿಂಡರ್‌ಗೆ ಕಿಟ್ ಹಾಕಲಾ, ಪೂರ್ತಿ ಬದಲಿಸಲಾ?

ಹಾಸನದ_ಹುಡುಗ
ಎಲ್ಲರಿಗೂ ನಮಸ್ಕಾರ. ಗಾಡಿ 2001ರ ಹೀರೋ ಹೋಂಡಾ ಸಿಬಿಝಡ್. ಮಾವ ಓಡಿಸುತ್ತಿದ್ದದ್ದು, ಕೆಲವು ವರ್ಷ ಶೆಡ್‌ನಲ್ಲಿ ಸುಮ್ನೆ ನಿಂತಿತ್ತು. ಎಂಜಿನ್ ಕೆಲಸ ಮುಗಿದಿದೆ. ಬಾಕಿ ಇರುವುದು ಮುಂದಿನ ಡಿಸ್ಕ್ ಬ್ರೇಕ್ ಒಂದೇ.

ತೊಂದರೆ ಎರಡಿವೆ. ಸಿಗ್ನಲ್‌ನಲ್ಲಿ ಬ್ರೇಕ್ ಹಿಡಿದು ನಿಂತರೆ ಲೀವರ್ ಮೆಲ್ಲಗೆ ಒಳಗೆ ಹೋಗುತ್ತಾ ಹೋಗಿ ಹ್ಯಾಂಡಲ್‌ಗೆ ತಾಗುತ್ತದೆ. ಬಿಟ್ಟು ಮತ್ತೆ ಹಿಡಿದರೆ ಗಟ್ಟಿ. ಇನ್ನೊಂದು, ಅರ್ಧ ಗಂಟೆ ಓಡಿಸಿದ ಮೇಲೆ ಮುಂದಿನ ಚಕ್ರ ಹಿಡಿಯಲು ಶುರು ಮಾಡುತ್ತದೆ. ಗಾಡಿ ತಳ್ಳಿದರೆ ಭಾರ, ಡಿಸ್ಕ್ ಕೆಂಡ. ತಣ್ಣಗಾದರೆ ತಾನೇ ಬಿಡುತ್ತದೆ. ಎಲ್ಲೂ ಆಯಿಲ್ ಸೋರಿಲ್ಲ, ಡಬ್ಬಿಯಲ್ಲಿ ಮಟ್ಟವೂ ಇಳಿದಿಲ್ಲ.

ಗ್ಯಾರೇಜ್‌ನವರು ಮಾಸ್ಟರ್ ಸಿಲಿಂಡರ್ (ಹ್ಯಾಂಡಲ್ ಮೇಲೆ ಲೀವರ್ ಪಕ್ಕ, ಆಯಿಲ್ ಡಬ್ಬಿ ಇರುವ ಭಾಗ) ಪೂರ್ತಿ ಬದಲಿಸಿ ಅಂತಾರೆ. ನನಗೆ ಬಿಚ್ಚಿ ಕಿಟ್, ಅಂದರೆ ಒಳಗಿನ ಪಿಸ್ಟನ್, ರಬ್ಬರ್ ಮಾತ್ರ ಹೊಸದು ಹಾಕುವ ಆಸೆ. ಮಾಡಿದವರು ಯಾರಾದರೂ ಇದ್ದೀರಾ?

ಆರೆಕ್ಸ್_ರಾಯ
ಡ್ರಮ್ ಬ್ರೇಕ್ ಇದ್ದಿದ್ದರೆ ಈ ತಲೆನೋವೇ ಇರಲಿಲ್ಲ. ನನ್ನ ಆರ್‌ಎಕ್ಸ್ 100ಕ್ಕೆ ಒಂದು ಕೇಬಲ್, ಒಂದು ಜೊತೆ ಲೈನರ್. ಮುಗೀತು.

ಘಾಟಿ_ಗಿರಾಕಿ
ರಾಯರೇ, ಆ ಡ್ರಮ್ ಹಿಡಿದು ಮಳೆಗಾಲದಲ್ಲಿ ಚಾರ್ಮಾಡಿ ಇಳಿದು ಬನ್ನಿ, ಆಮೇಲೆ ಮಾತಾಡೋಣ.

ಹಾಸನದವರೇ, ಲೀವರ್ ಇಳಿಯುವುದು ಮಾಸ್ಟರ್ ಸಿಲಿಂಡರ್ ಒಳಗಿನ ಕಪ್ ರಬ್ಬರ್ ಸವೆದಿರುವುದರಿಂದ. ಒತ್ತಡ ಕಪ್ ದಾಟಿ ಹಿಂದಕ್ಕೆ ಜಾರುತ್ತದೆ, ಆಯಿಲ್ ವಾಪಸ್ ಡಬ್ಬಿಗೇ ಹೋಗುತ್ತದೆ. ಅದಕ್ಕೇ ಹೊರಗೆ ಸೋರಿಕೆ ಕಾಣಲ್ಲ. ಕಿಟ್ ಹಾಕಿದರೆ ಸಾಕು. ಚಕ್ರ ಹಿಡಿಯುವುದು ಕ್ಯಾಲಿಪರ್ (ಕೆಳಗೆ ಚಕ್ರದ ಹತ್ತಿರ ಪ್ಯಾಡ್‌ಗಳಿಂದ ಡಿಸ್ಕ್ ಹಿಡಿಯುವ ಭಾಗ) ಪಿಸ್ಟನ್ ತುಕ್ಕು ಹಿಡಿದು ವಾಪಸ್ ಹೋಗದೆ ಇರುವುದರಿಂದ. ಎರಡನ್ನೂ ಬಿಚ್ಚಿ.

ಸ್ಪಾನರ್_ಸೀನಣ್ಣ
ಕ್ಯಾಲಿಪರ್ ಆಗಿದ್ದರೆ ತಣ್ಣಗಿದ್ದಾಗಲೂ ಹಿಡಿಯಬೇಕಲ್ಲ ಸ್ವಾಮಿ. ಇದು ಬಿಸಿ ಆದಾಗ ಹಿಡಿಯುತ್ತದೆ, ತಣ್ಣಗಾದಾಗ ಬಿಡುತ್ತದೆ. ಅದು ಮೇಲಿನ ಕೆಲಸ, ಕೆಳಗಿನದ್ದಲ್ಲ. ದಾವಣಗೆರೆಯಲ್ಲಿ ಇಷ್ಟು ವರ್ಷ ಗ್ಯಾರೇಜ್ ಇಟ್ಟವನು ಹೇಳುತ್ತಿದ್ದೇನೆ.

ಘಾಟಿ_ಗಿರಾಕಿ
ಅಣ್ಣಾ, ಅರ್ಧ ತುಕ್ಕು ಹಿಡಿದ ಪಿಸ್ಟನ್ ಬಿಸಿಗೆ ಹಿಗ್ಗಿ ಸಿಕ್ಕಿಕೊಳ್ಳುವುದನ್ನು ನಾನೇ ನೋಡಿದ್ದೇನೆ.

ಮೆಕ್_ಮೇಡಂ
ಜಗಳ ಬೇಡ, ಒಂದು 8ರ ಸ್ಪಾನರ್ ಸಾಕು ಇದನ್ನು ಪತ್ತೆ ಹಚ್ಚಲು.

ಚಕ್ರ ಹಿಡಿದಾಗ ಗಾಡಿ ಪಕ್ಕಕ್ಕೆ ಹಾಕಿ. ಕ್ಯಾಲಿಪರ್‌ನ ಏರ್ ತೆಗೆಯುವ ನಿಪ್ಪಲ್‌ಗೆ ಸಣ್ಣ ಪೈಪ್ ಸಿಕ್ಕಿಸಿ ಸ್ವಲ್ಪವೇ ಸಡಿಲಿಸಿ. ಆಯಿಲ್ ಚಿಮ್ಮಿ ಚಕ್ರ ಬಿಟ್ಟರೆ ಒಳಗೆ ಒತ್ತಡ ಸಿಕ್ಕಿಹಾಕಿಕೊಂಡಿದೆ ಅಂತ. ಆಗಲೂ ಬಿಡದಿದ್ದರೆ ಕ್ಯಾಲಿಪರ್ ಪಿಸ್ಟನ್ ಅಥವಾ ಅದು ಸರಿದಾಡುವ ಪಿನ್ ಜಾಮ್.

ಬಿಟ್ಟಿತು ಅಂದರೆ, ಇನ್ನೊಂದು ಸಲ ಹಿಡಿದಾಗ ಕೆಳಗಿನದ್ದು ಮುಟ್ಟಬೇಡಿ. ಮೇಲೆ ಮಾಸ್ಟರ್ ಸಿಲಿಂಡರ್‌ಗೆ ಹೋಸ್ ಕೂರುವ ಬೋಲ್ಟ್ ಸಡಿಲಿಸಿ. ಸುತ್ತ ಬಟ್ಟೆ ಸುತ್ತಿಕೊಳ್ಳಿ, ಬ್ರೇಕ್ ಆಯಿಲ್ ಟ್ಯಾಂಕ್ ಮೇಲೆ ಬಿದ್ದರೆ ಬಣ್ಣ ಎದ್ದು ಬರುತ್ತದೆ. ಮೇಲೆ ಸಡಿಲಿಸಿದಾಗ ಚಕ್ರ ಬಿಟ್ಟರೆ ತಪ್ಪು ಮಾಸ್ಟರ್ ಸಿಲಿಂಡರ್‌ನದ್ದು. ಮೇಲೆ ಬಿಡದೆ ಕೆಳಗೆ ಮಾತ್ರ ಬಿಟ್ಟರೆ ಹೋಸ್ ಒಳಗಿನ ರಬ್ಬರ್ ಊದಿ ದಾರಿ ಮುಚ್ಚಿದೆ. ಇಪ್ಪತ್ತು ದಾಟಿದ ಹೋಸ್ ಹಾಗಾಗುವುದು ಹೊಸದಲ್ಲ.

ಕುಡ್ಲ_ರೈಡರ್
ಮೇಡಂ ಹೇಳಿದ್ದು ಸರಿ ಮಾರಾಯ್ರೆ. ನಮ್ಮ ಕಡೆ ಕಡಲ ಗಾಳಿಗೆ ಇನ್ನೊಂದು ಸಮಸ್ಯೆ ಉಂಟು. ಮಾಸ್ಟರ್ ಸಿಲಿಂಡರ್ ಪಿಸ್ಟನ್ ತುದಿಯ ರಬ್ಬರ್ ಟೋಪಿ ಒಳಗೆ ನೀರು ಇಳಿದು ಅಲ್ಯೂಮಿನಿಯಂ ಬಿಳಿ ಪುಡಿ ಕಟ್ಟುತ್ತದೆ. ಆ ಪುಡಿಯಲ್ಲಿ ಪಿಸ್ಟನ್ ಸಿಕ್ಕಿ ಲೀವರ್ ಪೂರ್ತಿ ವಾಪಸ್ ಬರುವುದಿಲ್ಲ. ಟೋಪಿ ಮೆಲ್ಲಗೆ ಎಬ್ಬಿಸಿ ನೋಡಿ.

ಹುಬ್ಬಳ್ಳಿ_ಹೈದ
ಇಷ್ಟೆಲ್ಲಾ ಯಾಕ್ರೀ? ಪಲ್ಸರ್ ಮಾಸ್ಟರ್ ಸಿಲಿಂಡರ್ ತಂದು ಹಾಕ್ರಿ. ಎಲ್ಲಾ ಅಂಗಡಿಯಲ್ಲೂ ಸಿಗುತ್ತದೆ. ಹೀರೋ ಮತ್ತು ಹೋಂಡಾ 2010ರ ಕೊನೆಯಲ್ಲೇ ಬೇರೆ ಆದವು, ಇನ್ನೂ ಸಿಬಿಝಡ್ ಮಾಲು ಹುಡುಕುತ್ತಾ ಕೂತರೆ ಆಯಿತು.

ಮೆಕ್_ಮೇಡಂ
ಬೋರ್, ಅಂದರೆ ಸಿಲಿಂಡರ್ ಒಳವ್ಯಾಸ, ಎಷ್ಟು ಅಂತ ನೋಡದೆ ಹಾಕಬೇಡಿ. ಮಾಸ್ಟರ್ ಸಿಲಿಂಡರ್ ಮೈಮೇಲೆ ಸಾಮಾನ್ಯವಾಗಿ ಅಚ್ಚು ಇರುತ್ತದೆ: 11, 1/2 ಇಂಚು (ಅಂದರೆ 12.7 ಎಂಎಂ), 14, ಹೀಗೆ. ಅಂತರ ಕಡಿಮೆ ಅನಿಸಬಹುದು, ಆದರೆ ಲೆಕ್ಕ ವ್ಯಾಸದ್ದಲ್ಲ, ವಿಸ್ತೀರ್ಣದ್ದು. 11ರ ಜಾಗದಲ್ಲಿ 12.7 ಕೂರಿಸಿದರೆ ವಿಸ್ತೀರ್ಣ ಮೂರನೇ ಒಂದು ಪಾಲು ಜಾಸ್ತಿ. ಲೀವರ್ ಕಲ್ಲಿನ ಹಾಗೆ ಗಟ್ಟಿ ಅನಿಸುತ್ತದೆ, ನೀವು "ಆಹಾ, ಬ್ರೇಕ್ ಸೂಪರ್" ಅಂತೀರಿ. ನಿಜಕ್ಕೂ ಅಷ್ಟೇ ಬಲಕ್ಕೆ ಪ್ಯಾಡ್ ಮೇಲಿನ ಒತ್ತಡ ಕಾಲು ಭಾಗ ಕಮ್ಮಿ ಆಗಿರುತ್ತದೆ. ಮೊದಲಿನಷ್ಟೇ ನಿಲ್ಲಬೇಕಾದರೆ ಕೈ ಜಾಸ್ತಿ ಒತ್ತಬೇಕು.

ಹುಬ್ಬಳ್ಳಿ_ಹೈದ
ನಮ್ಮ ಗೆಳೆಯ ಹಾಕಿಸಿದ್ದಾನೆ, ಚಲೋ ನಿಲ್ಲುತ್ತದೆ.

ಮೆಕ್_ಮೇಡಂ
ಬೋರ್ ಒಂದೇ ಇದ್ದರೆ ಚಲೋ ನಿಲ್ಲುತ್ತದೆ. ಅಳತೆ ನೋಡಿ ಅಂದೆ, ಹಾಕಲೇಬೇಡಿ ಅನ್ನಲಿಲ್ಲ.

ಹಾಸನದ_ಹುಡುಗ
ಮೇಡಂ ಹೇಳಿದ ಹಾಗೆ ಮಾಡಿದೆ. ಕೆಳಗೆ ನಿಪ್ಪಲ್ ಸಡಿಲಿಸಿದೆ, ಚಿಮ್ಮಿತು, ಚಕ್ರ ತಕ್ಷಣ ಬಿಟ್ಟಿತು. ಮತ್ತೆ ಓಡಿಸಿ ಮೇಲಿನ ಬೋಲ್ಟ್ ಸಡಿಲಿಸಿದೆ, ಆಗಲೂ ಬಿಟ್ಟಿತು. ಹಾಗಾದರೆ ಮಾಸ್ಟರ್ ಸಿಲಿಂಡರೇ ಅಲ್ವಾ?

ಸ್ಪಾನರ್_ಸೀನಣ್ಣ
ನಾನು ಆಗಲೇ ಹೇಳಿದೆನಲ್ಲ. ಹಿಂತಿರುಗುವ ತೂತು ಮುಚ್ಚಿದೆ.

ಡಬ್ಬಿ ಮುಚ್ಚಳ ತೆಗೆದು ತಳ ನೋಡಪ್ಪಾ. ಎರಡು ತೂತು ಇರುತ್ತವೆ. ಒಂದು ದೊಡ್ಡದು, ಎಲ್ಲರಿಗೂ ಕಾಣುತ್ತದೆ. ಇನ್ನೊಂದು ಸೂಜಿ ಮೊನೆಗಿಂತ ಸಣ್ಣದು, ಹೋಸ್ ಕಡೆಗೆ. ಎಷ್ಟೋ ಹುಡುಗರು ಅದನ್ನು ನೋಡೇ ಇಲ್ಲ, ಗೊತ್ತಿಲ್ಲದೆ ಕಿಟ್ ಮೇಲೆ ಕಿಟ್ ಹಾಕುತ್ತಾರೆ. ಬ್ರೇಕ್ ಬಿಟ್ಟಾಗ ಆ ಸಣ್ಣ ತೂತಿನಿಂದ ಒತ್ತಡ ಡಬ್ಬಿಗೆ ಇಳಿಯಬೇಕು. ಬಿಸಿಗೆ ಆಯಿಲ್ ಹಿಗ್ಗಿದಾಗಲೂ ಅದೇ ದಾರಿ. ದಾರಿ ಕಟ್ಟಿದರೆ ಹಿಗ್ಗಿದ ಆಯಿಲ್ ಪ್ಯಾಡನ್ನೇ ತಳ್ಳುತ್ತದೆ. ಪ್ಯಾಡ್ ಉಜ್ಜಿ ಇನ್ನೂ ಬಿಸಿ, ಇನ್ನೂ ಹಿಗ್ಗುತ್ತದೆ, ಕೊನೆಗೆ ಚಕ್ರ ನಿಲ್ಲುತ್ತದೆ. ರಸ್ತೆ ಮಧ್ಯೆ ಹೀಗಾಗಿ ಬಿದ್ದವರನ್ನು ನೋಡಿದ್ದೇನೆ. ತಮಾಷೆ ಅಲ್ಲ, ಸರಿಯಾಗುವವರೆಗೆ ಗಾಡಿ ಓಡಿಸಬೇಡ.

ಸ್ಟುಟ್‌ಗಾರ್ಟ್_ಸುಬ್ಬು
ಸೀನಣ್ಣನವರ ಮಾತು ನೂರಕ್ಕೆ ನೂರು. ಇಲ್ಲಿ ನನ್ನ ಹತ್ತಿರ ಎಪ್ಪತ್ತರ ದಶಕದ ಹೋಂಡಾ ಸಿಬಿ 550 ಇದೆ. ಹಳೇ ಹೋಂಡಾ ಇಟ್ಟುಕೊಂಡವರು ಮೊದಲು ಕಲಿಯುವ ಪಾಠವೇ ಈ ಸಣ್ಣ ತೂತು. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಆಯಿಲ್ ಜೆಲ್ಲಿಯಾಗಿ, ಹರಳುಗಟ್ಟಿ ಅಲ್ಲೇ ಕೂರುತ್ತದೆ. ನಾನು ಗಿಟಾರಿನ ಅತಿ ತೆಳು ತಂತಿಯಿಂದ ಚುಚ್ಚುತ್ತೇನೆ, ಅದು 0.23 ಎಂಎಂ ದಪ್ಪ. ಡ್ರಿಲ್ ಬಿಟ್ ಮಾತ್ರ ಹಾಕಬೇಡಿ. ತೂತು ದೊಡ್ಡದಾದರೆ, ಅಂಚು ಒರಟಾದರೆ ಹೊಸ ಕಪ್‌ನ ತುಟಿಯನ್ನು ಅದೇ ಕತ್ತರಿಸುತ್ತದೆ.

ಹುಬ್ಬಳ್ಳಿ_ಹೈದ
ಗಿಟಾರ್ ಎಲ್ಲಿಂದ ತರೂದ್ರಿ? ಆಕ್ಸಿಲರೇಟರ್ ಕೇಬಲ್ ಹಳೇದಿದ್ದರೆ ಒಂದು ಎಳೆ ಬಿಚ್ಚಿಕೊಂಡರೆ ಆಯಿತು.

ಸ್ಟುಟ್‌ಗಾರ್ಟ್_ಸುಬ್ಬು
ಅದೂ ನಡೆಯುತ್ತದೆ. ತುದಿ ಚೂಪಾಗಿ ಕತ್ತರಿಸದೆ ಇದ್ದರೆ ಸಾಕು.

ಆರೆಕ್ಸ್_ರಾಯ
ಸುಬ್ಬು ಸರ್, ಸಿಬಿ 550 ಫೋಟೋ ಹಾಕಿ. 1969ರ ಸಿಬಿ 750ಗೇ ಮುಂದೆ ಡಿಸ್ಕ್ ಇತ್ತಂತೆ, ಹೌದಾ?

ಸ್ಟುಟ್‌ಗಾರ್ಟ್_ಸುಬ್ಬು
ಹೌದು, ಮುಂದೆ ಹೈಡ್ರಾಲಿಕ್ ಡಿಸ್ಕ್. ನಮ್ಮ ಊರಲ್ಲಿ ಆಗ ಡಿಸ್ಕ್ ಅನ್ನೋದೇ ಗೊತ್ತಿರಲಿಲ್ಲ. 1983ರಲ್ಲಿ ಎಸ್ಕಾರ್ಟ್ಸ್ ತಂದ ರಾಜ್‌ದೂತ್ 350ಗೂ ಮುಂದೆ ಡ್ರಮ್ಮೇ. ಹೊರದೇಶದ ಆರ್‌ಡಿ 350ಗೆ ಡಿಸ್ಕ್ ಕೊಟ್ಟಿದ್ದರು.

ಆರೆಕ್ಸ್_ರಾಯ
ನೋಡಿದಿರಾ, ಡ್ರಮ್ಮೇ ಗೆದ್ದಿದ್ದು 😄

ಘಾಟಿ_ಗಿರಾಕಿ
ಗೆದ್ದಿದ್ದಲ್ಲ, ಖರ್ಚು ಉಳಿಸಿದ್ದು. ಆ ವೇಗದ ಗಾಡಿಗೆ ಆ ಬ್ರೇಕ್! ಓಡಿಸಿದವರನ್ನು ಕೇಳಿ. 1999ರಲ್ಲಿ ಸಿಬಿಝಡ್ ಬಂದಾಗ 240 ಎಂಎಂ ಡಿಸ್ಕ್ ನೋಡಲೆಂದೇ ಶೋರೂಮಿಗೆ ಹೋದವರು ನಾವು. ಪಲ್ಸರ್ ಬಂದಿದ್ದೇ 2001ರಲ್ಲಿ.

ಮೆಕ್_ಮೇಡಂ
ವಿಷಯಕ್ಕೆ ಬರೋಣ. ಹಾಸನದವರೇ, ಒಂದು ಪ್ರಶ್ನೆ. ಬ್ರೇಕ್ ಲೀವರ್ ಗಾಡಿ ಜೊತೆ ಬಂದದ್ದೇ, ಬದಲಿಸಿದ್ದಾ?

ಹಾಸನದ_ಹುಡುಗ
ಹಳೆಯದು ಮುರಿದಿತ್ತು ಮೇಡಂ. ಗ್ಯಾರೇಜ್‌ನಲ್ಲಿ ಲೋಕಲ್ ಲೀವರ್ ಹಾಕಿದ್ದಾರೆ. ಯಾಕೆ?

ಮೆಕ್_ಮೇಡಂ
ಲೀವರ್ ತುದಿಯನ್ನು ಬೆರಳಿನಿಂದ ಅಲ್ಲಾಡಿಸಿ. ಪಿಸ್ಟನ್‌ಗೆ ತಾಗುವ ಮೊದಲು ಸ್ವಲ್ಪ ಆಟ ಇರಬೇಕು. ಇಲ್ಲದಿದ್ದರೆ ತೂತು ಸ್ವಚ್ಛವಾಗಿದ್ದರೂ ಪ್ರಯೋಜನ ಇಲ್ಲ. ಲೀವರ್‌ನ ಒಳಗಿನ ಗುಬುಟು ಕೂದಲೆಳೆಯಷ್ಟು ದಪ್ಪ ಇದ್ದರೂ ಪಿಸ್ಟನ್ ಸದಾ ಒಳಗೆ ತಳ್ಳಿಕೊಂಡೇ ಇರುತ್ತದೆ, ಕಪ್ ಆ ಸಣ್ಣ ತೂತನ್ನು ಮುಚ್ಚಿಕೊಂಡೇ ಕೂರುತ್ತದೆ. ಲಕ್ಷಣ ನೀವು ಬರೆದದ್ದೇ: ತಣ್ಣಗಿದ್ದಾಗ ಸರಿ, ಬಿಸಿಯಾದಾಗ ಜಾಮ್.

ಪರೀಕ್ಷೆ ಸುಲಭ. ಡಬ್ಬಿ ಮುಚ್ಚಳ ತೆಗೆದು ಲೀವರ್ ತುಸುವೇ ಒತ್ತಿ. ಒತ್ತಲು ಶುರು ಮಾಡಿದ ಕ್ಷಣ ಸಣ್ಣ ತೂತಿನಿಂದ ಆಯಿಲ್ ಬುಗ್ಗೆ ಏಳಬೇಕು. ಕಣ್ಣು ಹತ್ತಿರ ಇಟ್ಟು ನೋಡಬೇಡಿ, ಚಿಮ್ಮುತ್ತದೆ.

ಹಾಸನದ_ಹುಡುಗ
ಆಟ ಇಲ್ಲವೇ ಇಲ್ಲ. ಬುಗ್ಗೆಯೂ ಏಳಲಿಲ್ಲ. ಲೀವರ್ ಬಿಚ್ಚಿ, ಪಿಸ್ಟನ್ ಅನ್ನು ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ ನೋಡಿದೆ, ಈಗ ಸ್ವಲ್ಪ ಗುಳ್ಳೆ ಬಂತು. ಅಂದರೆ ತೂತು ಪೂರ್ತಿ ಮುಚ್ಚಿಲ್ಲ, ಲೀವರ್‌ದೇ ಕಿತಾಪತಿ!

ಸ್ಪಾನರ್_ಸೀನಣ್ಣ
ಎರಡೂ ಇರುತ್ತದೆ. ಗುಳ್ಳೆ ಸ್ವಲ್ಪ ಅಂದೆಯಲ್ಲ, ಜೋರಾಗಿ ಬರಬೇಕು. ತೂತು ಚುಚ್ಚು. ಲೀವರ್ ಒಳಮೈ ಅರ ಹಾಕಿ ಸ್ವಲ್ಪ ಉಜ್ಜು.

ಮೆಕ್_ಮೇಡಂ
ಬ್ರೇಕ್ ಲೀವರ್‌ಗೆ ಅರ ಹಾಕೋದು ನನಗಂತೂ ಒಪ್ಪಿಗೆ ಇಲ್ಲ. ಲೋಕಲ್ ಎರಕ, ಎಲ್ಲಿ ಬಿರುಕು ಇದೆಯೋ. ಒರಿಜಿನಲ್ ಹುಡುಕಿ.

ಸ್ಪಾನರ್_ಸೀನಣ್ಣ
ಹುಡುಕಲಿ, ಸಿಕ್ಕಿದರೆ ಹಾಕಲಿ. ಸಿಗದಿದ್ದರೆ ಅರ ಮೇಡಂ.

ಕುಡ್ಲ_ರೈಡರ್
ಬೆಂಗಳೂರಿಗೆ ಹೋಗುವವರಿದ್ದರೆ ಜೆ.ಸಿ. ರಸ್ತೆಯಲ್ಲಿ ಕೇಳಿ. ಹಳೇ ಮಾಲು ಬೇಕಾದರೆ ಶಿವಾಜಿನಗರದ ಗುಜರಿ. ಮುರಿದ ಲೀವರ್ ಕೈಯಲ್ಲಿ ಹಿಡಿದೇ ಹೋಗಿ, ಪಕ್ಕದಲ್ಲಿಟ್ಟು ಅಳೆಯದೆ ದುಡ್ಡು ಕೊಡಬೇಡಿ.

ಹಾಸನದ_ಹುಡುಗ
ಕಿಟ್ ಸಿಕ್ಕಿದೆ: ಪಿಸ್ಟನ್, ಎರಡು ಕಪ್, ಸ್ಪ್ರಿಂಗ್, ರಬ್ಬರ್ ಟೋಪಿ, ಪಿಸ್ಟನ್ ಹೊರಗೆ ಬರದಂತೆ ಹಿಡಿಯುವ ಲಾಕ್ ರಿಂಗ್. ಭಾನುವಾರ ಬಿಚ್ಚುತ್ತೇನೆ. ಏನು ನೋಡಿಕೊಳ್ಳಬೇಕು ಹೇಳಿ.

ಘಾಟಿ_ಗಿರಾಕಿ
ಮೊದಲು ಡಬ್ಬಿ ಮುಚ್ಚಳದ ಎರಡು ಸ್ಕ್ರೂ. ಗಾಡಿ ಬಿಚ್ಚುವವರು ಅಲ್ಲೇ ಸೋಲುವುದು. ಅವು ಜಪಾನಿ ನಮೂನೆಯ ಪ್ಲಸ್, ತಲೆ ಮೇಲೆ ಸಣ್ಣ ಚುಕ್ಕಿ ಇದ್ದರೆ ಗ್ಯಾರಂಟಿ. ಮಾಮೂಲಿ ಫಿಲಿಪ್ಸ್ ಸ್ಕ್ರೂಡ್ರೈವರ್ ಮೂಲೆಗೆ ಪೂರ್ತಿ ಕೂರಲ್ಲ, ತಲೆ ತಿಂದು ಹಾಕುತ್ತದೆ. ಸರಿಯಾದ ತುದಿ ಇಟ್ಟು ಹಿಂದಿನಿಂದ ಸುತ್ತಿಗೆಯಲ್ಲಿ ಟಕ್ ಟಕ್ ಅನ್ನಿಸಿ, ಆಮೇಲೆ ತಿರುಗಿಸಿ.

ಲಾಕ್ ತೆಗೆಯಲು ಉದ್ದ ಮೂತಿಯ, ಒಳಲಾಕಿನ ಪ್ಲಯರ್ ಬೇಕು. ಎರಡು ಸ್ಕ್ರೂಡ್ರೈವರ್‌ನಲ್ಲಿ ಕೆದಕಲು ಹೋಗಬೇಡಿ, ಸಿಲಿಂಡರ್ ಬಾಯಿ ಗೀಚುತ್ತದೆ. ತೆಗೆಯುವಾಗ ಪಿಸ್ಟನ್ ಒತ್ತಿ ಹಿಡಿದಿರಿ, ಸ್ಪ್ರಿಂಗ್ ಹಾರಿಸುತ್ತದೆ. ಬಂದ ಕ್ರಮ ಫೋಟೋ ತೆಗೆದಿಡಿ. ಕಪ್‌ನ ಅಗಲ ತುಟಿ ಒತ್ತಡದ ಕಡೆಗೆ, ಅಂದರೆ ಒಳಕ್ಕೆ.

ಸ್ಪಾನರ್_ಸೀನಣ್ಣ
ಒಳಗೆಲ್ಲ ಸೀಮೆ ಎಣ್ಣೆ ಹಾಕಿ ಚೆನ್ನಾಗಿ ತೊಳಿ.

ಮೆಕ್_ಮೇಡಂ
ಬೇಡ ಬೇಡ ಬೇಡ! ಸೀಮೆ ಎಣ್ಣೆ, ಪೆಟ್ರೋಲ್, ಡೀಸೆಲ್, ಗ್ರೀಸ್, ಎಂಜಿನ್ ಆಯಿಲ್ ಯಾವುದೂ ಬೇಡ. ಬ್ರೇಕ್ ರಬ್ಬರ್ ಸಾಮಾನ್ಯವಾಗಿ ಇಪಿಡಿಎಂ ಅನ್ನುವ ಕೃತಕ ರಬ್ಬರ್. ಅದು ಪೆಟ್ರೋಲಿಯಂ ತಾಗಿದರೆ ಊದುತ್ತದೆ. ಊದಿದ ಕಪ್ ಮತ್ತೆ ಅದೇ ಸಣ್ಣ ತೂತನ್ನು ಮುಚ್ಚುತ್ತದೆ, ಚಕ್ರ ಮತ್ತೆ ಜಾಮ್. ತೊಳೆಯಲು ಹೊಸ ಬ್ರೇಕ್ ಆಯಿಲ್ ಅಥವಾ ಐಸೊಪ್ರೊಪೈಲ್ ಆಲ್ಕೋಹಾಲ್.

ಸ್ಪಾನರ್_ಸೀನಣ್ಣ
ನಾವು ಎಷ್ಟು ಗಾಡಿ ತೊಳೆದಿದ್ದೇವೆ ಸೀಮೆ ಎಣ್ಣೆಯಲ್ಲಿ. ಒಣಗಿಸಿ ಹಾಕಿದರೆ ಏನೂ ಆಗಲ್ಲ.

ಮೆಕ್_ಮೇಡಂ
ಅಣ್ಣಾ, ನಿಮ್ಮ ಅನುಭವದ ಬಗ್ಗೆ ಎರಡು ಮಾತಿಲ್ಲ. ಕಿಟ್‌ನ ಹಳೇ ಕಪ್ ಒಂದನ್ನು ಸೀಮೆ ಎಣ್ಣೆಯಲ್ಲಿ, ಇನ್ನೊಂದನ್ನು ಬ್ರೇಕ್ ಆಯಿಲ್‌ನಲ್ಲಿ ರಾತ್ರಿ ಹಾಕಿಡಿ. ಬೆಳಿಗ್ಗೆ ಪಕ್ಕದಲ್ಲಿಟ್ಟು ನೋಡಿ.

ಸ್ಪಾನರ್_ಸೀನಣ್ಣ
ನೋಡಿದೆ. ಸ್ವಲ್ಪ ದಪ್ಪ ಆಗಿದೆ. ಆಯ್ತು, ಮೇಡಂ ಹೇಳಿದ ಹಾಗೇ ಮಾಡಪ್ಪಾ. ಆದರೆ ಅರದ ವಿಷಯದಲ್ಲಿ ನನ್ನ ಮಾತೇ ಕೊನೆ.

ಕುಡ್ಲ_ರೈಡರ್
ಯಾವ ಆಯಿಲ್ ಹಾಕಬೇಕು? ಡಾಟ್ 5 ಎಲ್ಲಕ್ಕಿಂತ ಒಳ್ಳೆಯದು ಅಂತ ಅಂಗಡಿಯವರು ಹೇಳಿದರು.

ಸ್ಟುಟ್‌ಗಾರ್ಟ್_ಸುಬ್ಬು
ಡಾಟ್ 5 ಸಿಲಿಕೋನ್. ಡಾಟ್ 3, 4, 5.1 ಗ್ಲೈಕಾಲ್. ಇವೆರಡೂ ಒಂದರ ಜೊತೆ ಒಂದು ಸೇರಲ್ಲ. ಡಬ್ಬಿ ಮುಚ್ಚಳದ ಮೇಲೆ ಏನು ಬರೆದಿದೆಯೋ ಅದನ್ನೇ ಹಾಕಿ.

ಡಾಟ್ 4 ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು ಅನ್ನುವುದು ನಿಯಮ. ಶೇ. 3.7 ನೀರು ಹೀರಿಕೊಂಡ ಮೇಲೆ ಅದು 155ಕ್ಕೆ ಇಳಿಯುತ್ತದೆ. ಡಾಟ್ 3 ಆದರೆ 205 ಮತ್ತು 140. ಗಾಳಿಯಿಂದಲೇ ನೀರು ಹೀರುವ ದ್ರವ ಇದು. ಎರಡು ವರ್ಷಕ್ಕೊಮ್ಮೆ ಬದಲಿಸಿ, ತೆರೆದ ಬಾಟಲಿ ಮುಂದಿನ ಸಲಕ್ಕೆ ಅಂತ ಎತ್ತಿಡಬೇಡಿ. ಮಂಗಳೂರಲ್ಲಂತೂ ಬೇಡವೇ ಬೇಡ.

ಘಾಟಿ_ಗಿರಾಕಿ
ಇಳಿಜಾರಲ್ಲಿ ಬ್ರೇಕ್ ಹಿಡಿದುಕೊಂಡೇ ಇಳಿಯುವವರು ಆ 155 ನೆನಪಿಟ್ಟುಕೊಳ್ಳಿ. ಆಯಿಲ್ ಕುದಿದು ಆವಿಯಾದರೆ ಲೀವರ್ ಒತ್ತಿದಾಗ ಆವಿ ಕುಗ್ಗುತ್ತದೆ ಅಷ್ಟೇ, ಪ್ಯಾಡ್ ಅಲ್ಲಾಡಲ್ಲ. ಗೇರ್ ಇಳಿಸಿ, ಎಂಜಿನ್‌ಗೆ ಕೆಲಸ ಕೊಡಿ.

ಹೊಸಬ_ಕೋಲಾರ
ಈ ಗಾಡಿಗೆ ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವುದು) ಹಾಕಿಸಬಹುದಾ?

ಹುಬ್ಬಳ್ಳಿ_ಹೈದ
ತಮ್ಮಾ, 125 ಸಿಸಿ ಮೇಲಿನ ಗಾಡಿಗೆ ಎಬಿಎಸ್ ಕಡ್ಡಾಯ ಆಗಿದ್ದೇ 2019ರ ಏಪ್ರಿಲ್‌ನಿಂದ. ಇದು ಅದಕ್ಕಿಂತ ಎಷ್ಟು ಹಿಂದಿನದು. ಅದು ಪ್ರತ್ಯೇಕ ಪಂಪು, ಸೆನ್ಸರು, ವೈರಿಂಗು. ಆ ದುಡ್ಡಿಗೆ ಇನ್ನೊಂದು ಗಾಡಿನೇ ಬರುತ್ತದೆ.

ಹಾಸನದ_ಹುಡುಗ
ಬಿಚ್ಚಿದೆ. ಕಪ್‌ನ ತುಟಿ ಒಂದು ಕಡೆ ಹರಿದು ಗಟ್ಟಿಯಾಗಿತ್ತು. ಡಬ್ಬಿ ತಳದಲ್ಲಿ ಕಂದು ಬಣ್ಣದ ಗಸಿ, ಸಣ್ಣ ತೂತಿನ ಬಾಯಲ್ಲೂ ಅದೇ. ಕೇಬಲ್ ಎಳೆಯಿಂದ ಚುಚ್ಚಿ ಆಲ್ಕೋಹಾಲ್ ಬಿಟ್ಟೆ, ಈಗ ಬೆಳಕು ಹಾಯುತ್ತದೆ. ಸಿಲಿಂಡರ್ ಒಳಗೋಡೆ ನುಣುಪಾಗಿದೆ. ಬಾಯಿ ಹತ್ತಿರ ಮಾತ್ರ, ಲಾಕಿನ ಕಡೆಗೆ, ಸ್ವಲ್ಪ ಬಿಳಿ ಕಲೆ ಇದೆ. ಹೋನ್ ಮಾಡಿಸಲಾ, ಅಂದರೆ ಒಳಗೋಡೆ ಉಜ್ಜಿಸಲಾ?

ಮೆಕ್_ಮೇಡಂ
ಬೇಡ. ಒಳಗೋಡೆಗೆ ಗಟ್ಟಿ ಲೇಪ ಇರುತ್ತದೆ. ಹೋನ್ ಮಾಡಿದರೆ ಅದು ಹೋಗಿ ಮೆತ್ತನೆ ಅಲ್ಯೂಮಿನಿಯಂ ಉಳಿಯುತ್ತದೆ. ಕಪ್ ಓಡಾಡುವ ಜಾಗದಲ್ಲಿ ಉಗುರಿಗೆ ಸಿಗುವ ಗುಳಿ ಇದ್ದರೆ ಪೂರ್ತಿ ಬದಲಿಸಿ, ಆಗ ನಿಮ್ಮ ಗ್ಯಾರೇಜ್‌ನವರ ಮಾತೇ ಸರಿ. ನಿಮ್ಮದು ಕಪ್ ಜಾಗದಿಂದ ಹೊರಗಿದೆ, ಬಟ್ಟೆಯಲ್ಲಿ ಉಜ್ಜಿ ತೆಗೆದರೆ ಸಾಕು.

ಕಪ್‌ಗಳನ್ನು ಹೊಸ ಬ್ರೇಕ್ ಆಯಿಲ್‌ನಲ್ಲಿ ಅದ್ದಿ, ಮೆಲ್ಲಗೆ ತಿರುಗಿಸುತ್ತಾ ತಳ್ಳಿ. ತುಟಿ ಮಡಚಬಾರದು. ಲಾಕ್ ಗಾಡಿಯಲ್ಲಿ ಪೂರ್ತಿ ಕೂತಿದೆಯೇ ಅಂತ ತಿರುಗಿಸಿ ನೋಡಿ. ಹೋಸ್ ಬೋಲ್ಟ್‌ಗೆ ಎರಡೂ ಬದಿ ಹೊಸ ವಾಷರ್.

ಹಾಸನದ_ಹುಡುಗ
"ಗಾಡಿಯಲ್ಲಿ" ಅಂದರೆ?

ಘಾಟಿ_ಗಿರಾಕಿ
ಲಾಕ್ ಕೂರುವ ಕಾಲುವೆ ಗುರು, ಒಳಗೆ ಕೊರೆದಿರುತ್ತದಲ್ಲ.

ಹಾಸನದ_ಹುಡುಗ
ಜೋಡಿಸಿದೆ. ಆದರೆ ಎಷ್ಟು ಪಂಪ್ ಮಾಡಿದರೂ ಲೀವರ್ ಬರೀ ಗಾಳಿ. ಡಬ್ಬಿಯಿಂದ ಆಯಿಲ್ ಇಳಿಯುತ್ತಲೇ ಇಲ್ಲ.

ಸ್ಪಾನರ್_ಸೀನಣ್ಣ
ಒಣ ಸಿಲಿಂಡರ್ ಎಳೆಯಲ್ಲ. ಕೆಳಗಿನಿಂದ ತುಂಬಿಸು. ದೊಡ್ಡ ಸಿರಿಂಜ್, ಪಾರದರ್ಶಕ ಪೈಪ್. ಸಿರಿಂಜಿನಲ್ಲಿ ಆಯಿಲ್ ತುಂಬಿ, ಗಾಳಿ ಹೊರಗೆ ಹಾಕಿ, ನಿಪ್ಪಲ್‌ಗೆ ಸಿಕ್ಕಿಸಿ, ನಿಪ್ಪಲ್ ಸಡಿಲಿಸಿ ನಿಧಾನವಾಗಿ ತಳ್ಳು. ಗಾಳಿ ಹೇಗೂ ಮೇಲಕ್ಕೇ ಹೋಗುವುದು. ಡಬ್ಬಿ ತುಂಬಿ ಚೆಲ್ಲುತ್ತದೆ, ಪಕ್ಕದಲ್ಲಿ ಒಬ್ಬರನ್ನು ನಿಲ್ಲಿಸಿಕೋ.

ಆಮೇಲೆ ಮಾಮೂಲಿ ಏರ್ ತೆಗಿ: ಲೀವರ್ ಒತ್ತಿ ಹಿಡಿ, ನಿಪ್ಪಲ್ ಬಿಡು, ನಿಪ್ಪಲ್ ಬಿಗಿ ಮಾಡು, ಆಮೇಲೆ ಲೀವರ್ ಬಿಡು. ಈ ಕ್ರಮ ತಪ್ಪಿದರೆ ಗಾಳಿ ಮತ್ತೆ ಒಳಗೆ. ಕೊನೆಗೆ ಹ್ಯಾಂಡಲ್ ತಿರುಗಿಸಿ ಮಾಸ್ಟರ್ ಸಿಲಿಂಡರ್ ಎಲ್ಲಕ್ಕಿಂತ ಎತ್ತರಕ್ಕೆ ಬರುವ ಹಾಗೆ ನಿಲ್ಲಿಸಿ ಹೋಸ್ ತಟ್ಟು.

ಕುಡ್ಲ_ರೈಡರ್
ಲೀವರ್‌ಗೆ ಹಳೇ ಟ್ಯೂಬ್ ಪಟ್ಟಿ ಕಟ್ಟಿ ರಾತ್ರಿ ಹಾಗೇ ಬಿಡಿ. ಬೆಳಿಗ್ಗೆ ಗಟ್ಟಿ ಆಗುವುದು ನೋಡಿದ್ದೇನೆ.

ಮೆಕ್_ಮೇಡಂ
ಕೆಲಸ ಮಾಡುತ್ತದೆ, ನಿಜ. ಆದರೆ ಲೀವರ್ ಒತ್ತಿದ್ದಾಗ ಕಪ್ ಆ ಸಣ್ಣ ತೂತನ್ನು ದಾಟಿರುತ್ತದೆ, ಗುಳ್ಳೆ ಮೇಲೆ ಬಂದು ಕಾಯುತ್ತಿರುತ್ತದೆ ಅಷ್ಟೇ. ಬೆಳಿಗ್ಗೆ ಪಟ್ಟಿ ಬಿಚ್ಚಿ ಮೆಲ್ಲಗೆ ಸ್ವಲ್ಪ ಸ್ವಲ್ಪ ಒತ್ತಿ ಬಿಡಿ, ಆಗ ಹೊರಗೆ ಬರುತ್ತದೆ.

ಹಾಸನದ_ಹುಡುಗ
ಸಿರಿಂಜ್ ಕೆಲಸ ಮಾಡಿತು! ಲೀವರ್ ಗಟ್ಟಿ, ಹಿಡಿದು ನಿಂತರೂ ಇಳಿಯಲ್ಲ. ಗುಜರಿಯಿಂದ ಒರಿಜಿನಲ್ ಲೀವರ್ ತರಿಸಿದೆ, ತುದಿಯಲ್ಲಿ ಆಟ ಇದೆ. ಅರ ಬೇಕಾಗಲಿಲ್ಲ ಸೀನಣ್ಣ, ಕ್ಷಮಿಸಿ 🙂 ಮೊದಲು ಬೀದಿಯಲ್ಲೇ ಮೆಲ್ಲಗೆ ಓಡಿಸಿ ನೋಡಿದೆ, ಆಮೇಲೆ ಬೇಲೂರಿಗೆ ಹೋಗಿ ಬಂದೆ. ಚಕ್ರ ಬೆರಳಲ್ಲಿ ತಿರುಗುತ್ತದೆ.

ಒಂದೇ ಬಾಕಿ. ಮುಂದಿನ ಬ್ರೇಕ್ ಹಿಡಿದರೆ ಹಿಂದಿನ ಲೈಟ್ ಹತ್ತುತ್ತಿಲ್ಲ. ಕಾಲಿನ ಬ್ರೇಕ್‌ಗೆ ಹತ್ತುತ್ತದೆ.

ಘಾಟಿ_ಗಿರಾಕಿ
ಮಾಸ್ಟರ್ ಸಿಲಿಂಡರ್ ಕೆಳಗೆ ಸಣ್ಣ ಸ್ವಿಚ್ ಇದೆ, ಎರಡು ವೈರ್. ಸಿಕ್ಕಿಸಲು ಬಿಟ್ಟಿರಬಹುದು, ಇಲ್ಲ ಆಯಿಲ್ ಇಳಿದಿರುತ್ತದೆ. ವೈರ್ ಎರಡನ್ನೂ ಸೇರಿಸಿ ನೋಡಿ. ಲೈಟ್ ಹತ್ತಿದರೆ ಸ್ವಿಚ್ ಹೋಗಿದೆ.

ಹೊಸಬ_ಕೋಲಾರ
ಅಣ್ಣಾ, ನನ್ನ ಕರಿಜ್ಮಾದಲ್ಲೂ ಲೀವರ್ ಇಳಿಯುತ್ತೆ. ನಾನೂ ಕಿಟ್ ಹಾಕಲಾ?

ಸ್ಪಾನರ್_ಸೀನಣ್ಣ
ಮೊದಲು ಮುಚ್ಚಳ ತೆಗೆದು ಫೋಟೋ ಹಾಕು. ಲೀವರ್ ಯಾವುದು ಅಂತಲೂ ಹೇಳು.